ಮಳೆ ಕರೆದರೆ ಓಗೊಡುವ ಮೊಗ್ಗು: ಕೊಪ್ಪ ಸೀಮೆಯ ಕಾಫಿ ಶೋಧನೆಯ ಒಂದು ಚರಿತ್ರೆ

ತುಂಗೆಯ ತಡಿಯ ಶೃಂಗೇರಿಯಿಂದ ಹೊರಟು, ಹರಿಹರಪುರವನ್ನು ಹಾದು ಕೊಪ್ಪಕ್ಕೆ ಬಂದು, ಅಲ್ಲಿಂದ ಭದ್ರೆಯ ದಡದ ಬಾಳೆಹೊನ್ನೂರಿಗೋ, ಹಿಂದೆ ಎಡೇಹಳ್ಳಿಯೆಂದು ಹೆಸರಾಗಿದ್ದ ನರಸಿಂಹರಾಜಪುರಕ್ಕೋ ಹೋಗುವ ದಾರಿಗಳ ಇಕ್ಕೆಲಗಳಲ್ಲಿ, ಕಣಿವೆಯ ತಳದಲ್ಲಿ ಗದ್ದೆಯೂ, ಅದಕ್ಕೆ ತಾಗಿ ಅಡಿಕೆಯ ತೋಟವೂ, ಮೇಲಣ ಇಳಿಜಾರಿನಲ್ಲಿ ಮರಗಳ ನೆರಳಿನಡಿ ಕಾಫಿಯೂ ಒಂದರ ಮೇಲೊಂದು ಹಂತವಾಗಿ ನಿಂತಿರುವುದನ್ನು ಕಾಣದವರಿಲ್ಲ. ಈ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಶಾರದಾ ಪೀಠವನ್ನೂ ಬಾಳೆಹೊನ್ನೂರಿನ ರಂಭಾಪುರಿ ಪೀಠವನ್ನೂ, ಕುವೆಂಪು ಅವರು ಹುಟ್ಟಿದ ಹಿರೇಕೊಡಿಗೆಯನ್ನೂ ನೆನೆಯುವುದು ವಾಡಿಕೆ. ಅದು ಯುಕ್ತವೇ ಸರಿ. ಆದರೆ 1915ರಲ್ಲಿ ಕೊಪ್ಪದಲ್ಲಿ ತೆರೆಯಲ್ಪಟ್ಟ ಒಂದು ತಾತ್ಕಾಲಿಕ ಕಾಫಿ ಸಂಶೋಧನ ಘಟಕವನ್ನು ನೆನೆಯುವವರು ಬಹು ವಿರಳ. ಆ ಚಿಕ್ಕ ಆರಂಭದಿಂದ ಮೊದಲಾದ ಕೆಲಸವು, ಗಿಡದ ಜೀವಕೋಶವು ಹೊರಗಿನಿಂದ ಬಂದ ಸಂದೇಶವನ್ನು ಹೇಗೆ ಗ್ರಹಿಸುತ್ತದೆಯೆಂಬ ಈ ಶತಮಾನದ ಅತ್ಯಂತ ಗಹನವಾದ ಪ್ರಶ್ನೆಗಳಲ್ಲೊಂದನ್ನು ತನಗೆ ತಿಳಿಯದೆಯೇ ಮುಟ್ಟಿತೆಂಬುದು ನನ್ನ ಅಭಿಪ್ರಾಯ.

ಘಟಕವನ್ನು ತೆರೆಯಬೇಕಾಗಿ ಬಂದದ್ದು ಒಂದು ರೋಗದ ದೆಸೆಯಿಂದ. 1869ರಲ್ಲಿ ಸಿಂಹಳದ ತೋಟಗಳಲ್ಲಿ ಗುರುತಿಸಲ್ಪಟ್ಟ ಎಲೆ ತುಕ್ಕು ರೋಗವು ಅಲ್ಲಿಯ ಕಾಫಿಯನ್ನು ಎರಡು ದಶಕಗಳೊಳಗೆ ನೆಲಸಮ ಮಾಡಿ ಆ ದ್ವೀಪವನ್ನು ಚಹದ ನಾಡಾಗಿ ಮಾರ್ಪಡಿಸಿತಷ್ಟೆ; ಅದೇ ರೋಗವು ಬಹುಬೇಗ ಕಡಲನ್ನು ದಾಟಿ ದಕ್ಷಿಣ ಭಾರತದ ಬೆಟ್ಟಗಳಿಗೂ ಬಂದಿತು. ರೋಗ ತಗುಲಿದ ಎಲೆಯನ್ನು ಮಗುಚಿ ನೋಡಿದರೆ, ಅಡಿಯ ಮೈಯಲ್ಲಿ ಕಿತ್ತಳೆ ಬಣ್ಣದ ಹುಡಿಯ ಮಚ್ಚೆಗಳು ಕಾಣುತ್ತವೆ. ಹೆಬ್ಬೆರಳಿನಿಂದ ಒರಸಿದರೆ ಬೆರಳಿಗೆ ಬಣ್ಣ ಹತ್ತುತ್ತದೆ. ಮೇಲ್ಮೈಯಲ್ಲಿ ಅದೇ ಜಾಗ ಹಳದಿಯಾಗಿ ಬಿಳಿಚಿಕೊಂಡಿರುತ್ತದೆ. ಆ ಹುಡಿಯ ಒಂದೊಂದು ಕಣವೂ ಒಂದು ಬೀಜಾಣು. ಅದು ತೇವದಲ್ಲಿ ಮೊಳೆತು ಎಲೆಯ ಉಸಿರುರಂಧ್ರವನ್ನು ಹುಡುಕಿ ಒಳಹೊಕ್ಕು, ಜೀವಕೋಶಗಳ ರಸವನ್ನು ಹೀರಿ, ಎಲೆಯು ಉದುರುವ ತನಕ ಬೆಳೆಯುತ್ತದೆ. ಮೈಸೂರು ಸೀಮೆಯ ಹಳೆಯ ತಳಿಯಾದ ‘ಚಿಕ್ಸ್’ ಇದಕ್ಕೆ ಬಲಿಯಾಯಿತು; ಅದರ ಸ್ಥಾನಕ್ಕೆ ಬಂದ ‘ಕೂರ್ಗ್ಸ್’ ಕೂಡ ಕೆಲಕಾಲದ ಮೇಲೆ ಸೋತಿತು; ಕೆಂಟ್ ಎಂಬ ತೋಟಗಾರರು 1911ರ ಸುಮಾರಿನಲ್ಲಿ ಆಯ್ದ ‘ಕೆಂಟ್ಸ್’ ತಳಿಯೊಂದೇ ಸ್ವಲ್ಪ ಆಸೆಯನ್ನು ಉಳಿಸಿತು.

ಆ ಕಾಲದಲ್ಲಿ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಮುಖ್ಯಸ್ಥರಾಗಿದ್ದವರು ಕೆನಡಾ ದೇಶದಿಂದ 1908ರಲ್ಲಿ ಬಂದ ಲೆಸ್ಲಿ ಕೋಲ್‌ಮನ್ ಅವರು. ಮಲೆನಾಡಿನವರಿಗೆ ಅವರ ಋಣವು ಕಾಫಿಯಿಂದಲ್ಲ, ಅಡಿಕೆಯಿಂದ ಮೊದಲಾಗುತ್ತದೆ: ಮುಂಗಾರಿನಲ್ಲಿ ಹಸಿ ಅಡಿಕೆಯನ್ನು ಗೊನೆಗೊನೆಯಾಗಿ ಉದುರಿಸುತ್ತಿದ್ದ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಪತ್ತೆ ಹಚ್ಚಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣದಿಂದ ಅದನ್ನು ತಡೆಯಬಹುದೆಂದು 1910ರ ಹೊತ್ತಿಗೆ ತೋರಿಸಿಕೊಟ್ಟವರು ಅವರೇ. ಇಂದಿಗೂ ಕೊಪ್ಪ ಶೃಂಗೇರಿಗಳ ಅಡಿಕೆ ತೋಟಗಳಲ್ಲಿ ಮಳೆ ಹಿಡಿಯುವ ಮುನ್ನ ಗೊನೆಗೆ ಔಷಧಿ ಹೊಡೆಯುವವರು, ಆ ಹೆಸರನ್ನು ಕೇಳಿರಲಿ ಬಿಡಲಿ, ಕೋಲ್‌ಮನ್ನರ ಪಾಠವನ್ನೇ ಒಪ್ಪಿಸುತ್ತಿದ್ದಾರೆ. ಕಾಫಿಗೂ ಇಂಥದೊಂದು ಪರಿಹಾರವನ್ನು ಹುಡುಕಬೇಕೆಂದು ಕೊಪ್ಪದಲ್ಲಿ ಮೊದಲಾದ ಘಟಕವು ತಾತ್ಕಾಲಿಕವಾಗಿಯೇ ಉಳಿಯದೆ, 1925ರಲ್ಲಿ ಬಾಳೆಹೊನ್ನೂರಿನ ಬಳಿಯ ಸೀಗೋಡಿನಲ್ಲಿ ಮೈಸೂರು ಕಾಫಿ ಪ್ರಯೋಗ ಕೇಂದ್ರವಾಗಿ ಬೇರೂರಿತು. 1942ರಲ್ಲಿ ಕಾಫಿ ಕಾಯಿದೆಯು ಬಂದು ಕಾಫಿ ಮಂಡಳಿಯು ಸ್ಥಾಪಿತವಾದ ಮೇಲೆ, 1944ರಲ್ಲಿ ಮಂಡಳಿಯು ಈ ಕೇಂದ್ರವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ಬಾಳೆಹೊನ್ನೂರಿನ ಕಾರ್ಯಗಳಲ್ಲಿ ಜಗತ್ತಿನ ಗಮನವನ್ನು ಸೆಳೆದ ಮೊದಲನೆಯದು ಡಬ್ಲ್ಯು. ವಿಲ್ಸನ್ ಮೇನ್ ಅವರದು. ಒಂದೇ ಶಿಲೀಂಧ್ರವೆಂದು ಎಲ್ಲರೂ ತಿಳಿದಿದ್ದ ತುಕ್ಕಿನಲ್ಲಿ, ಕಣ್ಣಿಗೆ ಒಂದೇ ಬಗೆಯಾಗಿ ಕಂಡರೂ ಸ್ವಭಾವದಲ್ಲಿ ಬೇರೆ ಬೇರೆಯಾದ ಪ್ರಭೇದಗಳಿವೆಯೆಂದು ಅವರು 1930ರ ದಶಕದ ಮೊದಲ ಭಾಗದಲ್ಲಿ ತೋರಿಸಿದರು. ಒಂದು ಪ್ರಭೇದವು ಕೂರ್ಗ್ಸ್ ಗಿಡವನ್ನು ತಿನ್ನುತ್ತದೆ, ಕೆಂಟ್ಸನ್ನು ಮುಟ್ಟಲಾರದು. ಇನ್ನೊಂದು ಕೆಂಟ್ಸನ್ನೂ ಬಿಡುವುದಿಲ್ಲ. ತೋಟಗಾರರು ‘ಈ ತಳಿ ಹಳತಾಯಿತು, ಬಲ ಕುಂದಿತು’ ಎಂದು ಹೇಳಿಕೊಳ್ಳುತ್ತಿದ್ದುದರ ನಿಜವಾದ ಅರ್ಥವು ಗಿಡದ ಮುದಿತನವಲ್ಲ, ಹೊಸ ಪ್ರಭೇದದ ಆಗಮನವೆಂಬುದು ಆಗ ಸ್ಪಷ್ಟವಾಯಿತು. ಅನಂತರ ಲೈಬೀರಿಕಾ ಕಾಫಿಯ ರಕ್ತವಿದ್ದ ಒಂದು ಸಹಜ ಮಿಶ್ರತಳಿಯ ಸಂತತಿಯಾದ ಎಸ್.288 ಅನ್ನು ಕೆಂಟ್ಸಿನೊಡನೆ ಕೂಡಿಸಿ, ಆರ್. ಎಲ್. ನರಸಿಂಹಸ್ವಾಮಿಯವರು ಎಸ್.795 ಎಂಬ ತಳಿಯನ್ನು ರೂಪಿಸಿದರು. 1940ರ ದಶಕದ ನಡುಭಾಗದಲ್ಲಿ ಅದು ತೋಟಗಳಿಗೆ ಬಂದಿತು. ಹೊಸ ಪ್ರಭೇದಗಳು ಅದನ್ನೂ ಕಾಲಕ್ರಮದಲ್ಲಿ ಕಾಡಿದುವಾದರೂ, ಮಲೆನಾಡಿನ ಅರೇಬಿಕಾ ತೋಟಗಳಲ್ಲಿ ಇಂದಿಗೂ ಅದರ ಗಿಡಗಳನ್ನು ಹುಡುಕಿಕೊಂಡು ಹೋಗಬೇಕಾದುದಿಲ್ಲ.

ಒಂದು ಗಿಡವು ಒಂದು ಶತ್ರುವನ್ನು ಗುರುತಿಸುತ್ತದೆ, ಇನ್ನೊಂದನ್ನು ಗುರುತಿಸಲಾರದು ಎಂದರೆ, ಗುರುತಿಸುವ ಯಾವುದೋ ಒಂದು ವಸ್ತು ಜೀವಕೋಶದೊಳಗೆ ಇರಲೇಬೇಕು. ಈ ತರ್ಕವು ಮೇನ್ ಅವರ ಪ್ರಯೋಗದ ತಟ್ಟೆಯಲ್ಲಿ ಕಣ್ಣೆದುರಿಗೇ ಇದ್ದರೂ, ಆ ವಸ್ತುವನ್ನು ಹೆಸರಿಸಿದವರು ಬೇರೆ ದಾರಿಯಿಂದ ಬಂದರು. 1894ರಲ್ಲಿ ಎಮಿಲ್ ಫಿಶರನು ಕಿಣ್ವವೂ ಅದರ ಆಹಾರವೂ ಬೀಗ ಕೀಲಿಗಳಂತೆ ಹೊಂದಿಕೊಳ್ಳುತ್ತವೆಯೆಂದಿದ್ದನು. 1905ರಲ್ಲಿ ಕೇಂಬ್ರಿಜ್ಜಿನ ಜಾನ್ ಲ್ಯಾಂಗ್ಲಿ, ಕೋಳಿಯ ಸ್ನಾಯುವಿನ ಮೇಲೆ ನಿಕೊಟಿನ್ ಮತ್ತು ಕ್ಯುರಾರೆಗಳನ್ನು ಪ್ರಯೋಗಿಸಿ, ಇವೆರಡೂ ಸೇರತಕ್ಕ ಒಂದು ಗ್ರಾಹಿ ಪದಾರ್ಥವು ಜೀವಕೋಶದಲ್ಲಿರಬೇಕೆಂದು ಊಹಿಸಿದನು. ಜರ್ಮನಿಯ ಪಾಲ್ ಎರ್ಲಿಕನು ರಕ್ತದ ವಿಷಪ್ರತಿರೋಧವನ್ನು ವಿವರಿಸುತ್ತ ಅದೇ ತೀರ್ಮಾನಕ್ಕೆ ಬಂದಿದ್ದನು. ಇಂದು ರಿಸೆಪ್ಟರೆಂದು ಪ್ರಸಿದ್ಧವಾಗಿರುವ ಗ್ರಾಹಿಯ ಹುಟ್ಟು ಇದು. ಆದರೆ ಅದು ಬಹುಕಾಲದವರೆಗೆ ತರ್ಕದ ಶಿಶುವಾಗಿಯೇ ಉಳಿಯಿತು, ಕಣ್ಣಿಗೆ ಬೀಳಲಿಲ್ಲ.

ಗ್ರಾಹಿಯು ಕೇಳಬೇಕಾದ ಸಂದೇಶವನ್ನು ಹೊರುವ ಗಿಡಗಳ ಬೆಳವಣಿಗೆಯ ಚೋದಕಗಳು, ಅಂದರೆ ಹಾರ್ಮೋನುಗಳು, ಬೆಳಕಿಗೆ ಬಂದುದು ಬಾಳೆಹೊನ್ನೂರಿನ ಕೇಂದ್ರವು ಹುಟ್ಟಿದ ಆಸುಪಾಸಿನಲ್ಲಿಯೇ. ಚಾರ್ಲ್ಸ್ ಡಾರ್ವಿನ್ನನು 1880ರಲ್ಲಿ ಹುಲ್ಲಿನ ಮೊಳಕೆಯ ತುದಿಯನ್ನು ಮುಚ್ಚಿದರೆ ಅದು ಬೆಳಕಿನ ಕಡೆಗೆ ಬಾಗುವುದಿಲ್ಲವೆಂದು ತೋರಿಸಿ, ತುದಿಯಿಂದ ಕೆಳಕ್ಕೆ ಏನೋ ಒಂದು ಪ್ರಭಾವ ಹರಿಯುತ್ತದೆಯೆಂದು ಬರೆದಿದ್ದನು. ಹಾಲೆಂಡಿನ ಫ್ರಿಟ್ಸ್ ವೆಂಟನು 1926ರಿಂದ ಮೊದಲ್ಗೊಂಡು ಆ ಪ್ರಭಾವವನ್ನು ಅಗರಿನ ತುಣುಕಿನೊಳಕ್ಕೆ ಇಳಿಸಿ, ಅದು ಒಂದು ರಾಸಾಯನಿಕವೆಂದು ರುಜುವಾತುಪಡಿಸಿದನು. ಅದೇ ಆಕ್ಸಿನ್. ಅದೇ 1926ರಲ್ಲಿ ತೈವಾನಿನಲ್ಲಿ ಕುರೊಸಾವ ಎಂಬ ಜಪಾನಿ ವಿಜ್ಞಾನಿ, ಭತ್ತದ ಸಸಿಯು ಕಡ್ಡಿಯಾಗಿ ಎತ್ತರಕ್ಕೆ ಬೆಳೆದು ತೆನೆಯಿಲ್ಲದೆ ಬೀಳುವ ರೋಗವನ್ನು ಪರೀಕ್ಷಿಸಿ, ಶಿಲೀಂಧ್ರವು ಸ್ರವಿಸಿದ ರಸವೊಂದೇ ಈ ಅತಿ ಬೆಳವಣಿಗೆಗೆ ಸಾಕೆಂದು ಕಂಡುಹಿಡಿದನು. ಆ ರಸದ ಸಾರಕ್ಕೆ ಮುಂದೆ ಜಿಬ್ಬರೆಲಿನ್ ಎಂದು ಹೆಸರಾಯಿತು. ಕೊಪ್ಪದ ತೋಟಗಾರರಿಗಾಗಲಿ ಬಾಳೆಹೊನ್ನೂರಿನ ಅಧಿಕಾರಿಗಳಿಗಾಗಲಿ ಈ ಎರಡರ ಸುದ್ದಿಯೂ ಆ ವರ್ಷ ತಲಪಿರಲಾರದು.

ಆದರೂ ಆಕ್ಸಿನ್ನಿನೊಡನೆ ಅವರ ವ್ಯವಹಾರ ದಿನನಿತ್ಯದ್ದಾಗಿತ್ತು. ಎಳೆಯ ಅರೇಬಿಕಾ ಗಿಡವು ಎರಡೂವರೆ ಅಡಿ ಎತ್ತರಕ್ಕೆ ಬಂದೊಡನೆ ಅದರ ಕುಡಿಯನ್ನು ಚಿವುಟಿಬಿಡುವುದು ತೋಟದ ಹಳೆಯ ಪದ್ಧತಿ. ಕುಡಿ ಹೋದ ಕೂಡಲೆ ಅಡ್ಡರೆಂಬೆಗಳು ಬಲಿತು ಹರಡುತ್ತವೆ. ಜತೆಗೆ ಕಾಂಡದ ಮೈಯಿಂದ ನೆಟ್ಟಗೆ ಮೇಲಕ್ಕೇಳುವ ಬೇಡದ ಚಿಗುರುಗಳೂ ಹುಟ್ಟಿಕೊಳ್ಳುತ್ತವೆ. ಕೊಯ್ಲು ಮುಗಿದು ರೆಂಬೆಗಳನ್ನು ಸವರಿದ ಮೇಲೆ ಚಿಗುರು ಕೀಳುವ ಕೆಲಸವು ಮಳೆಗಾಲದುದ್ದಕ್ಕೂ ಹೆಣ್ಣಾಳುಗಳ ಕೈಯನ್ನು ಬಿಡುವುದಿಲ್ಲ. ಹೀಗೇಕೆಂದರೆ, ಕುಡಿಯಲ್ಲಿ ಉತ್ಪನ್ನವಾಗಿ ಕೆಳಕ್ಕಿಳಿಯುತ್ತಿದ್ದ ಆಕ್ಸಿನ್ನು ಕೆಳಗಿನ ಕಣ್ಣುಗಳನ್ನು ಅದುಮಿ ಇಟ್ಟಿರುತ್ತದೆ. ಕುಡಿಯೊಡನೆ ಆ ಅಂಕುಶವೂ ಹೋಗುತ್ತದೆ. ಶಾಸ್ತ್ರವು ಹೆಸರಿಡುವುದಕ್ಕೆ ಎಷ್ಟೋ ಮುಂಚೆ ಉಗುರಿನ ಒಂದು ಚಿವುಟಿನಿಂದ ಗಿಡದ ಶಾಸನವನ್ನು ಬದಲಿಸುತ್ತಿದ್ದವರನ್ನು ಅಜ್ಞರೆನ್ನುವುದು ಉಚಿತವಲ್ಲ.

ಇದಕ್ಕಿಂತಲೂ ಕೌತುಕವಾದುದು ಹೂಮಳೆಯ ವಿಷಯ. ಮಾಘ ಫಾಲ್ಗುಣಗಳ ಒಣಹವೆಯಲ್ಲಿ ಕಾಫಿಯ ರೆಂಬೆಗಳ ಗಿಣ್ಣುಗಿಣ್ಣಿನಲ್ಲಿಯೂ ಹಸುರು ಮೊಗ್ಗಿನ ಗೊಂಚಲುಗಳು ನಾಲ್ಕಾರು ಮಿಲಿಮೀಟರಿನಷ್ಟು ಬೆಳೆದು, ಅಂಟು ಬಳಿದುಕೊಂಡು, ಅಲ್ಲಿಗೇ ನಿಂತುಬಿಡುತ್ತವೆ, ವಾರಗಟ್ಟಲೆ ಕದಲುವುದಿಲ್ಲ. ತೋಟಗಾರರು ಆಕಾಶವನ್ನು ನೋಡುತ್ತ ಕೂರುತ್ತಾರೆ. ಮಳೆ ಬಿದ್ದ ರಾತ್ರಿಯ ಮರುದಿನ ಒಬ್ಬರನ್ನೊಬ್ಬರು ಕೇಳುವ ಮಾತು ‘ಎಷ್ಟು ಸೆಂಟ್ಸು?’ ಎಂಬುದೊಂದೇ. ನೂರು ಸೆಂಟ್ಸು ಕೂಡಿ ಒಂದು ಅಂಗುಲವಾಗುತ್ತದೆ. ಅಷ್ಟು ಮಳೆ ಒಮ್ಮೆಗೇ ಬಿದ್ದರೆ, ಎಂಟೊಂಬತ್ತು ದಿನಗಳಲ್ಲಿ ಅರೇಬಿಕಾ ತೋಟವು ಮಲ್ಲಿಗೆಯ ಕಂಪಿನ ಬಿಳಿಯ ಹೂವಿನಿಂದ ತುಂಬಿಹೋಗುತ್ತದೆ. ಮಳೆ ಅರೆಕೊರೆಯಾದರೆ ಹೂವೂ ಅರೆಕೊರೆಯೇ. ಅನಂತರ ಎರಡು ಮೂರು ವಾರಗಳೊಳಗೆ ‘ಬ್ಯಾಕಿಂಗ್’ ಎಂದು ಎಲ್ಲರೂ ಕರೆಯುವ ಇನ್ನೊಂದು ಮಳೆ ಬಾರದಿದ್ದರೆ, ಹೂವಿನಿಂದ ಹುಟ್ಟಿದ ಹೀಚು ನಿಲ್ಲುವುದು ಕಷ್ಟ.

ಗಿಡಕ್ಕೆ ನೀರಿನ ದಾಹವಿತ್ತು, ನೀರು ಸಿಕ್ಕಿದೊಡನೆ ಹೂ ಬಿಟ್ಟಿತು ಎಂದು ಹೇಳಿಬಿಟ್ಟರೆ ಸಾಲದು. ಬ್ರೆಜಿಲ್ ದೇಶದ ಪಾವುಲೊ ಆಲ್ವಿಮ್ ಅವರು 1960ರಲ್ಲಿ ಪ್ರಕಟಿಸಿದ ಪ್ರಯೋಗದಂತೆ, ಸದಾ ನೀರುಣಿಸಿ ಒಣಹವೆಯ ಬಾಧೆಯೇ ತಾಗದಂತೆ ಸಾಕಿದ ಗಿಡದ ಮೊಗ್ಗುಗಳು ತೆರೆಯುವುದೇ ಇಲ್ಲ. ದಾಹವನ್ನು ಅನುಭವಿಸಿದ ಮೊಗ್ಗು ಮಾತ್ರ ನೀರಿನ ಕರೆಯನ್ನು ಕೇಳುತ್ತದೆ. ಅದಕ್ಕೆ ಎರಡು ವರ್ಷ ಮುಂಚೆ ಅವರೇ, ಮಳೆಯಿಲ್ಲದೆಯೂ ಜಿಬ್ಬರೆಲಿಕ್ ಆಮ್ಲವನ್ನು ಸಿಂಪಡಿಸಿ ಮೊಗ್ಗನ್ನು ಅರಳಿಸಬಹುದೆಂದು ತೋರಿಸಿದ್ದರು. 1973ರಲ್ಲಿ ಕೀನ್ಯಾದಲ್ಲಿ ಬ್ರೌನಿಂಗ್ ಎಂಬುವರು ಮೊಗ್ಗಿನೊಳಗಣ ಜಿಬ್ಬರೆಲಿನ್ ಮತ್ತು ಅಬ್ಸಿಸಿಕ್ ಆಮ್ಲಗಳ ಏರಿಳಿತವನ್ನು ಅಳೆದು, ನಿದ್ರೆಯ ಮುರಿಯುವಿಕೆಗೂ ಈ ಚೋದಕಗಳಿಗೂ ಇರುವ ಸಂಬಂಧವನ್ನು ವಿಚಾರಿಸಿದರು. ನಮ್ಮ ಬಾಳೆಹೊನ್ನೂರಿನಲ್ಲಿಯೂ ಅದೇ ವರ್ಷ ಗೋಪಾಲ್ ಮತ್ತು ವಾಸುದೇವ ಎಂಬ ವಿಜ್ಞಾನಿಗಳು ದಕ್ಷಿಣ ಭಾರತದ ಹವೆಯಲ್ಲಿ ಅರೇಬಿಕಾ ಮೊಗ್ಗು ಬೆಳೆಯುವ ಕ್ರಮವನ್ನು ಕುರಿತು ಬರೆದುದು, ಈ ಸೀಮೆಯ ಹೂಮಳೆಯು ಶಾಸ್ತ್ರದ ಪುಟಗಳಿಗೆ ಏರಿದ ಗೌರವದ ಸಂಗತಿ.

ಚೋದಕವು ಸಿಕ್ಕಿತು, ಅದನ್ನು ಕೇಳುವ ಕಿವಿಯೆಲ್ಲಿ? ಇದರ ಉತ್ತರವು ಪ್ರಾಣಿಗಳಲ್ಲಿ ಮೊದಲು ದೊರೆಯಿತು. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಅವರು ಇಲಿಯ ಲಾಲಾಗ್ರಂಥಿಯ ಸಾರವನ್ನು ಹುಟ್ಟಿದ ಮರಿಗಳಿಗೆ ಚುಚ್ಚಿದಾಗ, ಸುಮಾರು ಎರಡು ವಾರಕ್ಕೆ ಕಣ್ಣು ತೆರೆಯಬೇಕಾದ ಮರಿಗಳು ಒಂದು ವಾರದ ಹೊತ್ತಿಗೇ ಕಣ್ಣು ತೆರೆದುವು. 1962ರಲ್ಲಿ ಅವರು ಅದರಿಂದ ಚರ್ಮದ ಕೋಶಗಳ ಬೆಳವಣಿಗೆಯ ಅಂಶವನ್ನು ಬೇರ್ಪಡಿಸಿದರು. ಮುಂದೆ ಅದರ ಗ್ರಾಹಿಯೂ ಕೋಶದ ಪೊರೆಯಲ್ಲಿ ಸಿಕ್ಕಿತು. ಈ ಗ್ರಾಹಿಯ ಒಂದು ತುದಿ ಹೊರಗೆ, ಇನ್ನೊಂದು ಒಳಗೆ. ಬೆಳವಣಿಗೆಯ ಅಂಶವು ಹೊರತುದಿಗೆ ತಾಗಿದೊಡನೆ ಎರಡು ಗ್ರಾಹಿಗಳು ಜತೆಗೂಡಿ, ಒಳಗಣ ಬಾಲಗಳಿಗೆ ಪರಸ್ಪರ ಫಾಸ್ಫೇಟನ್ನು ಅಂಟಿಸಿಕೊಳ್ಳುತ್ತವೆ. ಆ ಗುರುತನ್ನು ಕಂಡು ಬೇರೆ ಪ್ರೋಟೀನುಗಳು ಒಂದಾದ ಮೇಲೊಂದು ಎಚ್ಚೆತ್ತು, ಸುದ್ದಿಯು ಕೋಶಕೇಂದ್ರವನ್ನು ಮುಟ್ಟಿ, ಕೋಶವು ಇಬ್ಭಾಗವಾಗಲು ತೊಡಗುತ್ತದೆ. ಚೋದಕವು ಒಳಗೆ ಹೋಗಲೇಬೇಕೆಂದಿಲ್ಲ. ಬಾಗಿಲಲ್ಲಿಯೇ ಅದರ ಕೆಲಸ ಮುಗಿಯಿತು. ಇದೇ ಗ್ರಾಹಿಯು ಕೆಟ್ಟು ಸಂದೇಶವಿಲ್ಲದೆಯೂ ಕೂಗತೊಡಗಿದರೆ ಅರ್ಬುದರೋಗವಾಗುವುದುಂಟು. ಕೋಹೆನ್ನರಿಗೆ 1986ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿತು.

ಗಿಡಗಳ ಸರದಿ ಬಂದುದು ಬಹಳ ತಡವಾಗಿ. ಆಕ್ಸಿನ್ನು ಪತ್ತೆಯಾಗಿ ಎಂಬತ್ತು ವರ್ಷಗಳ ಹತ್ತಿರವಾದ ಮೇಲೆ, 2005ರಲ್ಲಿ, ಒಂದೇ ವರ್ಷದೊಳಗೆ ಆಕ್ಸಿನ್ನಿನ ಗ್ರಾಹಿಯೂ ಜಿಬ್ಬರೆಲಿನ್ನಿನ ಗ್ರಾಹಿಯೂ ಸಿಕ್ಕಿದುವು. ಎರಡನೆಯದು ಸಿಕ್ಕಿದ ಬಗೆ ನಮ್ಮ ಗದ್ದೆಯವರಿಗೂ ಅರ್ಥವಾಗತಕ್ಕದ್ದು. ಜಪಾನಿನ ನಗೋಯಾದಲ್ಲಿ ಉಎಗುಚಿ-ತನಾಕ ಮತ್ತು ಮತ್ಸುವೊಕ ಅವರ ತಂಡದವರು ಒಂದು ಗಿಡ್ಡ ಭತ್ತವನ್ನು ಬೆಳೆಸಿದರು. ಅದಕ್ಕೆ ಎಷ್ಟು ಜಿಬ್ಬರೆಲಿನ್ ಹಾಕಿದರೂ ಒಂದಂಗುಲ ಏಳಲಿಲ್ಲ. ಒಳಗೆ ಪರೀಕ್ಷಿಸಿದರೆ ಚೋದಕಕ್ಕೆ ಏನೇನೂ ಕೊರತೆಯಿಲ್ಲ, ಯಥೇಚ್ಛವಾಗಿ ಶೇಖರವಾಗಿದೆ. ಇಲ್ಲದಿದ್ದುದು ಅದನ್ನು ಗ್ರಹಿಸುವ ಒಂದು ಪ್ರೋಟೀನು ಮಾತ್ರ. ಆರೋಗ್ಯವಾದ ಗಿಡದಲ್ಲಿ ಜಿಬ್ಬರೆಲಿನ್ನು ಈ ಪ್ರೋಟೀನಿನ ಗುಳಿಯೊಳಕ್ಕೆ ಹೊಕ್ಕಾಗ ಮೇಲಿನ ಮುಚ್ಚಳ ಮುಚ್ಚಿಕೊಂಡು, ಆ ಮುಚ್ಚಳದ ಮೇಲ್ಮೈಯು ಡೆಲ್ಲಾ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿಯುತ್ತದೆ. ಬೆಳವಣಿಗೆಯನ್ನು ಇಷ್ಟುಕಾಲ ತಡೆದಿದ್ದುದು ಆ ಡೆಲ್ಲಾವೇ. ಹಿಡಿಯಲ್ಪಟ್ಟ ಡೆಲ್ಲಾಕ್ಕೆ ನಾಶದ ಮುದ್ರೆ ಬಿದ್ದು, ಕೋಶವು ಅದನ್ನು ಚೂರುಮಾಡುತ್ತದೆ. ತಡೆ ಹೋಗಿ ಬೆಳವಣಿಗೆ ನಡೆಯುತ್ತದೆ. ಆಕ್ಸಿನ್ನಿನ ಕಥೆಯೂ ಹೆಚ್ಚುಕಡಮೆ ಇದೇ ದಾರಿಯದು. ಚೋದಕವು ಬೆಳೆಯೆಂದು ಅಪ್ಪಣೆ ಕೊಡುವುದಿಲ್ಲ, ಬೆಳೆಯಬೇಡವೆನ್ನುತ್ತಿದ್ದವನನ್ನು ಮೂಲೆಗೆ ತಳ್ಳುತ್ತದೆ; ಗೊಬ್ಬರದ ಚೀಲದಂತೆ ಹಾರ್ಮೋನನ್ನೂ ‘ಶಕ್ತಿ’ ಎಂದು ಮಾರುವವರು ಇದನ್ನು ಗಮನಿಸಿದಂತಿಲ್ಲ.

ಎಥಿಲೀನ್ ಎಂಬ ಅನಿಲರೂಪದ ಚೋದಕದ ಗ್ರಾಹಿಯು ಇನ್ನೂ ವಿಚಿತ್ರ: ಚೋದಕವಿಲ್ಲದಾಗ ಅದು ಸದಾ ತಡೆಯೊಡ್ಡುತ್ತಿರುತ್ತದೆ, ಎಥಿಲೀನ್ ಬಂದು ಸೇರಿದಾಗ ಸುಮ್ಮನಾಗುತ್ತದೆ. ಈ ಗ್ರಾಹಿಯ ಗರ್ಭದಲ್ಲಿ ತಾಮ್ರವಿಲ್ಲದಿದ್ದರೆ ಎಥಿಲೀನು ಅದಕ್ಕೆ ಅಂಟಲಾರದು. ಕೋಲ್‌ಮನ್ನರ ಮೈಲುತುತ್ತವೂ ತಾಮ್ರವೇ ಎಂದು ಓದುಗರಿಗೆ ನೆನಪಾದರೆ, ಅದು ಬರಿಯ ಕಾಕತಾಳೀಯವೆಂದು ನಾನೇ ಹೇಳಿಬಿಡುತ್ತೇನೆ. ಆದರೆ ಕಾಫಿಯ ಮೊಗ್ಗಿಗೆ ಎಥಿಲೀನಿನ ನಂಟು ಕಾಕತಾಳೀಯವಲ್ಲ. ಬರ ತಾಗಿದ ಕಾಲದಲ್ಲಿ ಗಿಡವು ಆ ಚೋದಕಕ್ಕೆ ತೋರುವ ಸಂವೇದನೆಯೇ ಮಾರ್ಪಡುತ್ತದೆಯೆಂದೂ, ನೀರು ಮರಳಿ ಸಿಕ್ಕಾಗ ಮೊಗ್ಗು ಅರಳುವುದಕ್ಕೆ ಅದು ಸಂಬಂಧಪಟ್ಟಿದೆಯೆಂದೂ ಬ್ರೆಜಿಲಿನ ಸಂಶೋಧಕರು ಇತ್ತೀಚೆಗೆ ಬರೆದಿದ್ದಾರೆ. ಆಲ್ವಿಮ್ ಅವರ ಬಾಯಾರಿದ ಮೊಗ್ಗು ಏಕೆ ಕಿವಿಗೊಡುತ್ತದೆಯೆಂಬುದಕ್ಕೆ ಇದು ಒಂದು ಸುಳಿವು.

ಮೇನ್ ಅವರ ತುಕ್ಕಿಗೂ ಇದೇ ಬಗೆಯ ಉತ್ತರ ದೊರೆಯಿತು. ಪೋರ್ಚುಗಲ್ಲಿನಲ್ಲಿ 1955ರಲ್ಲಿ ಮೊದಲಾದ ತುಕ್ಕು ಸಂಶೋಧನ ಕೇಂದ್ರದವರು ಕಾಫಿಯ ನಿರೋಧಶಕ್ತಿಯನ್ನು ಬೇರೆ ಬೇರೆ ಜೀನುಗಳಾಗಿ ಬಿಡಿಸಿ, ಎಸ್.ಎಚ್. ಎಂಬ ಸಂಕೇತದಡಿ ಒಂಬತ್ತನ್ನು ಗುರುತಿಸಿದರು. ಬಾಳೆಹೊನ್ನೂರಿನ ಎಸ್.288ರ ಮೂಲಕ ಎಸ್.795ಕ್ಕೆ ಇಳಿದು ಬಂದ ಲೈಬೀರಿಕಾದ ಬಳುವಳಿಯು ಅವುಗಳಲ್ಲಿ ಮೂರನೆಯದು. ಆ ಜೀನಿನ ನೆಲೆಯನ್ನು ಈಚಿನ ವರ್ಷಗಳಲ್ಲಿ ಓದಿ ನೋಡಿದಾಗ, ಶತ್ರುವಿನ ಪ್ರೋಟೀನುಗಳನ್ನು ಕೋಶದೊಳಗೇ ಗುರುತಿಸುವ ಗ್ರಾಹಿಗಳ ಕುಟುಂಬಕ್ಕೆ ಸೇರಿದ ಜೀನುಗಳು ಅಲ್ಲಿ ಗುಂಪಾಗಿ ಕುಳಿತಿರುವುದು ಕಂಡುಬಂದಿತು. ನರಸಿಂಹಸ್ವಾಮಿಯವರು ಎಲೆಯನ್ನು ಮಗುಚಿ ಮಗುಚಿ ನೋಡಿ ಆರಿಸಿದ್ದು, ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಒಂದು ಗ್ರಾಹಿಯನ್ನೇ.

ಪ್ಲಾನೋಫಿಕ್ಸ್ ಮೊದಲಾದ ಕೃತಕ ಆಕ್ಸಿನ್ನುಗಳನ್ನು ಕಾಯಿ ಉದುರದಿರಲೆಂದು ಸಿಂಪಡಿಸುವುದು ಇಂದು ಈ ಸೀಮೆಯಲ್ಲಿ ಸಾಮಾನ್ಯವಾಗಿದೆ. ಅದರಿಂದ ಪ್ರಯೋಜನವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ 2021ರ ಜನವರಿಯಲ್ಲಿ ಕೊಯ್ಲು ಮುಗಿಯದ ಗಿಡಗಳ ಮೇಲೆ ಅಕಾಲ ಮಳೆ ಸುರಿದಾಗ, ಹಣ್ಣಿರುವ ರೆಂಬೆಯಲ್ಲಿಯೇ ಪಕ್ವವಾಗಿದ್ದ ಕೆಲವು ಮೊಗ್ಗುಗಳು ಅರಳಿ, ಉಳಿದವು ಹಾಗೆಯೇ ಇದ್ದು, ತೋಟಗಳಲ್ಲಿ ಹೂವು ಚೆಲ್ಲಾಪಿಲ್ಲಿಯಾದುದನ್ನು ಎಲ್ಲರೂ ಕಂಡಿದ್ದೇವೆ. ಬಿದ್ದದ್ದು ಅದೇ ಮಳೆ. ಕೇಳಿದ ಮೊಗ್ಗುಗಳು ಕೆಲವೇ. ಆದುದರಿಂದ ತೋಟಗಾರ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ: ಚೋದಕದ ಬಾಟಲಿಗೆ ದುಡ್ಡು ಕೊಡುವ ಮುನ್ನ ರೆಂಬೆಯನ್ನು ಬಗ್ಗಿಸಿ ಮೊಗ್ಗೋ ಹೀಚೋ ಯಾವ ಸ್ಥಿತಿಯಲ್ಲಿದೆಯೆಂದು ನೋಡಿ, ಸಂಶಯವಿದ್ದರೆ ಸೀಗೋಡಿನ ಸಂಸ್ಥೆಯವರನ್ನು ಕೇಳಿ, ಅವರು ಇರುವುದು ಅದಕ್ಕಾಗಿಯೇ.